ಚಕ್ರದ ಮೇಲಿನ ಮನೆ, ತಂತಿಯ ಗೂಟ

ಕಾರಿನ ಹಿಂದೆ ಕೊಕ್ಕೆ ಹಾಕಿ ಎಳೆದುಕೊಂಡು ಹೋಗುವ ಪುಟ್ಟ ಮನೆಯನ್ನು ಅಮೆರಿಕದಲ್ಲಿ ಟ್ರಾವೆಲ್ ಟ್ರೇಲರ್ ಎನ್ನುತ್ತಾರೆ. ಮಲಗಲು ಹಾಸಿಗೆ, ಅಡುಗೆಗೆ ಒಲೆ, ಊಟಕ್ಕೆ ಮೇಜು, ನೀರಿಗೆ ತೊಟ್ಟಿ ಎಲ್ಲವೂ ಅದರೊಳಗೆ ಇರುತ್ತವೆ. ರಜೆ ಬಂತೆಂದರೆ ಮನೆಮಂದಿ ಇದನ್ನು ಎಳೆದುಕೊಂಡು ಕಾಡಿನಂಚಿಗೋ ಸರೋವರದ ದಡಕ್ಕೋ ಹೋಗಿ ನಾಲ್ಕಾರು ದಿನ ಬೀಡುಬಿಡುತ್ತಾರೆ. ಊರಿನ ಗದ್ದಲದಿಂದ ದೂರ ಹೋಗಬೇಕೆಂಬುದೇ ಇದರ ಉದ್ದೇಶ. ಆದರೆ ಹೀಗೆ ದೂರ ಹೋದವರು ಬೀಡುಬಿಟ್ಟ ಕೂಡಲೇ ಮಾಡುವ ಮೊದಲ ಕೆಲಸಗಳಲ್ಲಿ ಒಂದು, ಅಲ್ಲಿ ಇಂಟರ್‌ನೆಟ್ ಸಿಗುತ್ತದೆಯೇ ಎಂದು ನೋಡುವುದು!

ಇದನ್ನು ಕೇಳಿ ನಗು ಬರುವುದು ಸಹಜ. ಆದರೆ ವಿದ್ಯಾರ್ಥಿ ಮಿತ್ರರೇ, ಈ ನಗುವಿನ ಹಿಂದೆ ಒಂದು ದೊಡ್ಡ ಚರಿತ್ರೆಯಿದೆ. ಚಲಿಸುವ ಗಾಡಿಯನ್ನು ಗಣಕಯಂತ್ರಗಳ ಜಾಲಕ್ಕೆ ಹೇಗೆ ಸೇರಿಸುವುದು ಎಂಬ ಪ್ರಶ್ನೆ ಇಂಟರ್‌ನೆಟ್ ಬಂದ ಮೇಲೆ ಹುಟ್ಟಿದ್ದಲ್ಲ. ಇಂಟರ್‌ನೆಟ್ ಈಗಿರುವ ರೂಪಕ್ಕೆ ಬರಲು ಆ ಪ್ರಶ್ನೆಯೂ ಒಂದು ಮುಖ್ಯ ಕಾರಣ.

ಹಸುವನ್ನು ಬಯಲಿನಲ್ಲಿ ಮೇಯಲು ಬಿಡುವಾಗ ಉದ್ದನೆಯ ಹಗ್ಗದಿಂದ ಗೂಟಕ್ಕೆ ಕಟ್ಟುವುದನ್ನು ನೀವು ನೋಡಿರುತ್ತೀರಿ. ಹಗ್ಗ ಎಷ್ಟು ಉದ್ದವೋ ಅಷ್ಟು ದೂರ ಮೇವು. ಚಕ್ರದ ಮೇಲಿನ ಮನೆಯ ಸಂಪರ್ಕದ ಕಥೆಯೂ ಹೀಗೆಯೇ. ಸುಮಾರು 90 ವರ್ಷಗಳಲ್ಲಿ ಹಗ್ಗ ಬಹಳ ಉದ್ದವಾಗಿದೆ. ಈಗಂತೂ ಅದು ಕಣ್ಣಿಗೇ ಕಾಣುವುದಿಲ್ಲ. ಆದರೆ ಗೂಟ ಎಲ್ಲೋ ಒಂದು ಕಡೆ ಇದ್ದೇ ಇದೆ. ಆ ಗೂಟ ಯಾವುದು, ಎಲ್ಲಿದೆ, ಯಾರದು ಎಂದು ಹುಡುಕುತ್ತಾ ಹೋಗುವುದೇ ಈ ಲೇಖನದ ಉದ್ದೇಶ.

ಅಂಚೆ ಕಚೇರಿಯೇ ಗೂಟವಾಗಿದ್ದ ಕಾಲ

ಟ್ರೇಲರ್ ಮನೆಗಳು ಅಮೆರಿಕದಲ್ಲಿ ಜನಪ್ರಿಯವಾದದ್ದು 1930ರ ದಶಕದಲ್ಲಿ. ವಾಲಿ ಬಯಮ್ ಎಂಬಾತ 1931ರಲ್ಲಿ ಏರ್‌ಸ್ಟ್ರೀಮ್ ಕಂಪನಿಯನ್ನು ಆರಂಭಿಸಿದ. 1936ರಲ್ಲಿ ಆ ಕಂಪನಿಯ ಕ್ಲಿಪ್ಪರ್ ಎಂಬ ಟ್ರೇಲರ್ ಮಾರುಕಟ್ಟೆಗೆ ಬಂತು. ವಿಮಾನದ ಒಡಲಿನಂತೆ ದುಂಡಗೆ ಬಾಗಿದ, ರಿವೆಟ್ ಹೊಡೆದು ಜೋಡಿಸಿದ ಅಲ್ಯೂಮಿನಿಯಂ ಹಾಳೆಗಳ ಮನೆ ಅದು. ಈ ಅಲ್ಯೂಮಿನಿಯಂ ಸಂಗತಿಯನ್ನು ನೆನಪಿನಲ್ಲಿಡಿ; ಮುಂದೆ ಮತ್ತೆ ಬೇಕಾಗುತ್ತದೆ.

ಬಯಮ್ ಟ್ರೇಲರ್‌ಗಳನ್ನು ಮಾರಿ ಸುಮ್ಮನೆ ಕೂರಲಿಲ್ಲ. ಕೊಂಡವರನ್ನೆಲ್ಲ ಸೇರಿಸಿ ದೊಡ್ಡ ದೊಡ್ಡ ಯಾತ್ರೆಗಳನ್ನು ನಡೆಸಿದ. 1959ರಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನಿನಿಂದ ಹೊರಟ ಒಂದು ತಂಡ ಇಡೀ ಖಂಡವನ್ನು ಹಾದು ಈಜಿಪ್ಟಿನ ಕೈರೋ ನಗರವನ್ನು ತಲುಪಿತು. ಅಂಥ ಯಾತ್ರೆಯಲ್ಲಿ ಮನೆಯವರ ಕ್ಷೇಮಸಮಾಚಾರ ತಿಳಿಯಲು ಇದ್ದ ದಾರಿ ಮುಖ್ಯವಾಗಿ ಪತ್ರ ಮತ್ತು ತಂತಿ ಸಂದೇಶ. ಅಮೆರಿಕದ ಒಳಗೆ ತಿರುಗುವವರಿಗೆ ಜನರಲ್ ಡೆಲಿವರಿ ಎಂಬ ಅಂಚೆ ವ್ಯವಸ್ಥೆಯಿತ್ತು. ಮುಂದೆ ತಲುಪಲಿರುವ ಊರಿನ ಅಂಚೆ ಕಚೇರಿಗೆ ಹೆಸರು ಬರೆದು ಪತ್ರ ಹಾಕಿದರೆ, ಪ್ರಯಾಣಿಕ ಬಂದು ಕೇಳುವ ತನಕ ಅದನ್ನು ಅಲ್ಲಿ ಇಟ್ಟುಕೊಂಡಿರುತ್ತಿದ್ದರು. ಇಲ್ಲಿ ಗೂಟವೆಂದರೆ ಅಂಚೆ ಕಚೇರಿ. ಸರ್ಕಾರದ್ದು; ಯಾರು ಬೇಕಾದರೂ ಹೋಗಿ ಕೇಳಬಹುದಾಗಿದ್ದದ್ದು.

ಗಾಡಿಯಲ್ಲಿ ದೂರವಾಣಿ ಇರಲಿಲ್ಲವೇ? ಇತ್ತು. 1946ರ ಜೂನ್ 17ರಂದು ಸೇಂಟ್ ಲೂಯಿಸ್ ನಗರದಲ್ಲಿ ಬೆಲ್ ಸಂಸ್ಥೆ ವಾಹನಗಳಿಗೆ ರೇಡಿಯೊ ದೂರವಾಣಿ ಸೇವೆಯನ್ನು ಆರಂಭಿಸಿತು. ಆದರೆ ಆ ಉಪಕರಣದ ತೂಕ ಸುಮಾರು 36 ಕಿಲೋಗ್ರಾಂ! ಬಳಕೆಗೆ ಸಿಕ್ಕ ರೇಡಿಯೊ ಮಾರ್ಗಗಳೂ ಬೆರಳೆಣಿಕೆಯಷ್ಟೇ. ಇಡೀ ನಗರದಲ್ಲಿ ಒಂದೇ ಸಮಯಕ್ಕೆ ಮಾತನಾಡಬಹುದಾಗಿದ್ದವರು ಕೆಲವೇ ಮಂದಿ. ಉಳಿದವರು ತಮ್ಮ ಸರದಿಗಾಗಿ ಕಾಯಬೇಕಿತ್ತು. ನಗರದ ಎಲ್ಲೆ ದಾಟಿ ಕಾಡಿನ ಹಾದಿ ಹಿಡಿದರೆ ಆ ಸೌಲಭ್ಯವೂ ಇಲ್ಲ.

ಬ್ರೆಡ್ ಗಾಡಿಯಂಥ ಒಂದು ವ್ಯಾನು

ಈಗ 1970ರ ದಶಕಕ್ಕೆ ಬರೋಣ. ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ವಿಭಾಗ 1969ರಲ್ಲಿ ಆರ್ಪಾನೆಟ್ ಎಂಬ ಜಾಲವನ್ನು ಆರಂಭಿಸಿತ್ತು. ದೂರದೂರದ ವಿಶ್ವವಿದ್ಯಾಲಯಗಳ ದೊಡ್ಡ ಗಣಕಯಂತ್ರಗಳನ್ನು ದೂರವಾಣಿ ತಂತಿಗಳ ಮೂಲಕ ಜೋಡಿಸುವ ಏರ್ಪಾಡು ಅದು. ಸಂದೇಶವನ್ನು ಸಣ್ಣ ಸಣ್ಣ ತುಂಡುಗಳನ್ನಾಗಿ ಒಡೆದು, ಪ್ರತಿ ತುಂಡಿಗೂ ವಿಳಾಸ ಬರೆದು ಕಳಿಸುವುದು ಅದರ ವಿಧಾನ. ಈ ತುಂಡುಗಳನ್ನು ಪ್ಯಾಕೆಟ್ಟುಗಳೆಂದು ಕರೆದರು.

ತಂತಿಯ ಜಾಲ ತಂತಿ ಇರುವಲ್ಲಿಗೆ ಮಾತ್ರ ಹೋಗಬಲ್ಲದು. ಸೈನ್ಯದ ಗಾಡಿಗಳು ಓಡಾಡುತ್ತಲೇ ಇರುತ್ತವೆ. ಅವುಗಳನ್ನು ಜಾಲಕ್ಕೆ ಸೇರಿಸುವುದು ಹೇಗೆ? ಇದಕ್ಕೊಂದು ಸುಳಿವು ಹವಾಯಿ ದ್ವೀಪಗಳಿಂದ ಬಂತು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಏಬ್ರಮ್‌ಸನ್ ಮತ್ತು ಅವರ ಸಂಗಡಿಗರು 1971ರಲ್ಲಿ ಅಲೋಹಾನೆಟ್ ಎಂಬ ರೇಡಿಯೊ ಜಾಲವನ್ನು ನಡೆಸಿ ತೋರಿಸಿದರು. ತರಗತಿಯಲ್ಲಿ ಮೇಷ್ಟರು ಪ್ರಶ್ನೆ ಕೇಳಿದಾಗ ಇಬ್ಬರು ಹುಡುಗರು ಒಟ್ಟಿಗೆ ಉತ್ತರ ಹೇಳಿದರೆ ಯಾರ ಮಾತೂ ಕೇಳಿಸದು. ಆಗ ಇಬ್ಬರೂ ಸುಮ್ಮನಾಗಿ, ತಮಗೆ ತೋಚಿದಷ್ಟು ಹೊತ್ತು ಕಾದು ಮತ್ತೆ ಹೇಳಿದರೆ, ಎರಡನೆಯ ಬಾರಿ ಡಿಕ್ಕಿಯಾಗುವ ಸಂಭವ ಕಡಿಮೆ. ಅಲೋಹಾ ಜಾಲದ ನಿಯಮ ಇಷ್ಟೇ. ಈ ಸರಳ ನಿಯಮದಿಂದ ರೇಡಿಯೊ ಮಾರ್ಗದ ಸಾಮರ್ಥ್ಯದಲ್ಲಿ ಹೆಚ್ಚೆಂದರೆ ಶೇಕಡ 18ರಷ್ಟು ಮಾತ್ರ ಉಪಯೋಗಕ್ಕೆ ಸಿಗುತ್ತದೆ ಎಂಬುದು ಗಣಿತದಿಂದ ತಿಳಿಯಿತು. ಆದರೂ ತಂತಿಯಿಲ್ಲದೆ ಪ್ಯಾಕೆಟ್ಟುಗಳನ್ನು ಕಳಿಸಬಹುದೆಂಬುದು ಖಚಿತವಾಯಿತು.

ಇದರ ಮುಂದಿನ ಹೆಜ್ಜೆಗಾಗಿ ಕ್ಯಾಲಿಫೋರ್ನಿಯದ ಎಸ್.ಆರ್.ಐ. ಸಂಶೋಧನಾ ಸಂಸ್ಥೆಯವರು ಒಂದು ವ್ಯಾನನ್ನು ಸಜ್ಜುಗೊಳಿಸಿದರು. ಬ್ರೆಡ್ಡು, ಹಾಲು ಹಂಚಲು ಬರುವ ಗಾಡಿಯಂತೆ ಚೌಕಾಕಾರದ ಸಾಧಾರಣ ವ್ಯಾನು. ಒಳಗೆ ಮಾತ್ರ ಗಣಕಯಂತ್ರ, ಪ್ಯಾಕೆಟ್ ರೇಡಿಯೊ, ಪರದೆ. ಸುತ್ತಲಿನ ಬೆಟ್ಟಗಳ ಮೇಲೆ ಸಂಕೇತಗಳನ್ನು ಹಿಡಿದು ಮರುಪ್ರಸಾರ ಮಾಡುವ ಕೇಂದ್ರಗಳು.

ಇಲ್ಲಿ ಒಂದು ತೊಡಕು ಎದುರಾಯಿತು. ಆರ್ಪಾನೆಟ್‌ನಲ್ಲಿ ಪ್ಯಾಕೆಟ್ಟು ಕಳೆದುಹೋಗದಂತೆ ನೋಡಿಕೊಳ್ಳುವ ಹೊಣೆ ಜಾಲದ್ದು. ತಂತಿಯಾದ್ದರಿಂದ ಅದು ಸಾಧ್ಯವಾಗಿತ್ತು. ಆದರೆ ವ್ಯಾನು ಸೇತುವೆಯ ಕೆಳಗೆ ಹೋದರೆ ರೇಡಿಯೊ ಸಂಕೇತ ನಿಂತುಹೋಗುತ್ತದೆ. ಗುಡ್ಡದ ಮರೆಗೆ ಹೋದರೆ ಕ್ಷೀಣಿಸುತ್ತದೆ. ಇಂಥ ಜಾಲವನ್ನು ನಂಬುವುದು ಹೇಗೆ? ರಾಬರ್ಟ್ ಕಾನ್ ಮತ್ತು ವಿಂಟನ್ ಸರ್ಫ್ ಇದಕ್ಕೆ ಉತ್ತರ ಕೊಟ್ಟರು. ಜಾಲವನ್ನು ಪೂರ್ತಿ ನಂಬುವುದೇ ಬೇಡ. ಅದು ಕೈಲಾದಷ್ಟು ಪ್ರಯತ್ನಿಸಲಿ, ಸಾಕು. ಎಲ್ಲ ಪ್ಯಾಕೆಟ್ಟುಗಳೂ ಬಂದವೇ ಎಂದು ಎಣಿಸಿ ನೋಡುವ, ಬಾರದಿದ್ದರೆ ಮತ್ತೆ ಕಳಿಸುವ ಹೊಣೆ ಎರಡೂ ತುದಿಯ ಗಣಕಯಂತ್ರಗಳದ್ದಾಗಲಿ. ಹಾಗೆ ಮಾಡಿದರೆ ತಂತಿಯ ಜಾಲ, ರೇಡಿಯೊ ಜಾಲ, ಉಪಗ್ರಹದ ಜಾಲ ಯಾವುದನ್ನು ಬೇಕಾದರೂ ಒಂದಕ್ಕೊಂದು ಹೆಣೆಯಬಹುದು. 1974ರ ಮೇ ತಿಂಗಳಲ್ಲಿ ಇವರಿಬ್ಬರ ಲೇಖನ ಪ್ರಕಟವಾಯಿತು. ನಾವು ಕನ್ನಡದಲ್ಲಿ ಅಂತರಜಾಲ ಎನ್ನುತ್ತೇವಲ್ಲ, ಆ ಪದದ ಅರ್ಥವನ್ನು ಬಿಡಿಸಿ ನೋಡಿ: ಜಾಲಗಳ ನಡುವಣ ಜಾಲ. ಅವರ ಕಲ್ಪನೆಯೂ ಅದೇ.

1976ರ ಆಗಸ್ಟ್ 27ರಂದು ಈ ವ್ಯಾನು ಪೋರ್ಟೊಲಾ ವ್ಯಾಲಿ ಎಂಬಲ್ಲಿ ರೊಸೊಟ್ಟೀಸ್ ಎಂಬ ಹಳೆಯ ಹೋಟೆಲಿನ ಅಂಗಳದಲ್ಲಿ ನಿಂತಿತು. ವ್ಯಾನಿನಿಂದ ತಂತಿ ಎಳೆದು, ಬಯಲಿನಲ್ಲಿದ್ದ ಮರದ ಮೇಜಿನ ಮೇಲೆ ಟರ್ಮಿನಲ್ ಇಟ್ಟು, ಸಂಶೋಧಕರು ತಮ್ಮ ಕೆಲಸದ ವರದಿಯನ್ನು ಕಳಿಸಿದರು. ಅದು ಮೊದಲು ರೇಡಿಯೊ ಜಾಲದಲ್ಲಿ, ಅಲ್ಲಿಂದ ಆರ್ಪಾನೆಟ್‌ನಲ್ಲಿ ಸಾಗಿ ತಲುಪಿತು. ಊರಾಚೆ ಗಾಡಿ ನಿಲ್ಲಿಸಿ, ಮರದ ಮೇಜಿನ ಮುಂದೆ ಕುಳಿತು ಸಂದೇಶ ಕಳಿಸುವುದು! ಇಂದಿನ ಟ್ರೇಲರ್ ಪ್ರವಾಸಿ ಮಾಡುವುದೂ ಇದನ್ನೇ ಅಲ್ಲವೇ?

1977ರ ನವೆಂಬರ್ 22ರಂದು ಇನ್ನೂ ದೊಡ್ಡ ಪ್ರಯೋಗ ನಡೆಯಿತು. ಈ ಬಾರಿ ವ್ಯಾನು ಸ್ಯಾನ್‌ಫ್ರಾನ್ಸಿಸ್ಕೋ ಬಳಿಯ ಹೆದ್ದಾರಿಯಲ್ಲಿ ಓಡುತ್ತಿತ್ತು. ಅದು ಹೊರಡಿಸಿದ ಪ್ಯಾಕೆಟ್ಟುಗಳು ರೇಡಿಯೊ ಮೂಲಕ ಆರ್ಪಾನೆಟ್ ಸೇರಿ, ಉಪಗ್ರಹದ ಮೂಲಕ ನಾರ್ವೆಗೆ ಹೋಗಿ, ಲಂಡನ್ ಮುಟ್ಟಿ, ಮತ್ತೆ ಉಪಗ್ರಹ ಹತ್ತಿ ಅಮೆರಿಕಕ್ಕೆ ಮರಳಿ, ಲಾಸ್ ಏಂಜಲೀಸ್ ಪ್ರದೇಶದ ಗಣಕಯಂತ್ರವೊಂದನ್ನು ತಲುಪಿದವು. ನೆಲದ ಮೇಲೆ ಆ ಎರಡು ಊರುಗಳ ಅಂತರ ಸುಮಾರು 400 ಮೈಲಿ. ಪ್ಯಾಕೆಟ್ಟುಗಳು ಸುತ್ತಿದ ದಾರಿ ಸುಮಾರು 94,000 ಮೈಲಿ ಎಂದು ಸರ್ಫ್ ಹೇಳಿದ್ದಾರೆ. ಅಷ್ಟೊಂದು ದೂರ ಹೇಗಾಯಿತು? ಅಂಥ ಉಪಗ್ರಹಗಳು ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಒಮ್ಮೆ ಹತ್ತಿ ಇಳಿದರೆ 72,000 ಕಿಲೋಮೀಟರ್, ಅಂದರೆ ಹತ್ತಿರ ಹತ್ತಿರ 45,000 ಮೈಲಿ. ಎರಡು ಸಲಕ್ಕೆ ಎಷ್ಟಾಗುತ್ತದೆಂದು ನೀವೇ ಕೂಡಿಸಿ ನೋಡಿ.

ಆ ವ್ಯಾನನ್ನು ಮೌಂಟನ್ ವ್ಯೂ ನಗರದ ಗಣಕಯಂತ್ರ ಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ಅದಕ್ಕಾಗಿ ರೂಪುಗೊಂಡ ನಿಯಮಗಳನ್ನೇ 1983ರ ಜನವರಿ 1ರಂದು ಇಡೀ ಆರ್ಪಾನೆಟ್ ಅಳವಡಿಸಿಕೊಂಡಿತು.

ನಾಣ್ಯದ ದೂರವಾಣಿ, ರಬ್ಬರಿನ ಬಟ್ಟಲು

ಸಂಶೋಧಕರ ವ್ಯಾನಿನಲ್ಲಿ ಸಾಧ್ಯವಾದದ್ದು ಸಾಮಾನ್ಯ ಪ್ರವಾಸಿಯ ಕೈಗೆ ಬರಲು ಎರಡು ದಶಕಗಳಿಗೂ ಹೆಚ್ಚು ಕಾಲ ಬೇಕಾಯಿತು. ಅಲ್ಲಿಯವರೆಗೆ ಅವನಿಗೆ ಆಸರೆಯಾದದ್ದು ರಸ್ತೆ ಬದಿಯ, ನಾಣ್ಯ ಹಾಕಿ ಮಾತನಾಡುವ ದೂರವಾಣಿ.

ಗಣಕಯಂತ್ರಕ್ಕೂ ದೂರವಾಣಿಗೂ ನಂಟು ಬೆಳೆದ ಬಗೆ ಸ್ವಾರಸ್ಯಕರವಾಗಿದೆ. ಬಹುಕಾಲ ಅಮೆರಿಕದ ದೂರವಾಣಿ ಸಂಸ್ಥೆ ತನ್ನ ತಂತಿಗೆ ಹೊರಗಿನವರ ಯಾವ ಉಪಕರಣವನ್ನೂ ಜೋಡಿಸಲು ಬಿಡುತ್ತಿರಲಿಲ್ಲ. ಟೆಕ್ಸಾಸಿನ ಥಾಮಸ್ ಕಾರ್ಟರ್ ಎಂಬುವರು ಎಣ್ಣೆ ಬಾವಿಗಳಲ್ಲಿ, ದನ ಸಾಕುವ ವಿಶಾಲ ಬಯಲುಗಳಲ್ಲಿ ದುಡಿಯುವವರಿಗಾಗಿ ಕಾರ್ಟರ್‌ಫೋನ್ ಎಂಬ ಸಾಧನವನ್ನು ಮಾಡಿದರು. ದೂರವಾಣಿಯ ರಿಸೀವರನ್ನು ಅದರ ಬಟ್ಟಲಿನಲ್ಲಿ ಇಟ್ಟರೆ, ಬಯಲಿನಲ್ಲಿರುವವನ ರೇಡಿಯೊ ಮಾತು ದೂರವಾಣಿಗೂ, ದೂರವಾಣಿಯ ಮಾತು ರೇಡಿಯೊಗೂ ದಾಟುತ್ತಿತ್ತು. ದೂರವಾಣಿ ಸಂಸ್ಥೆ ಇದನ್ನು ವಿರೋಧಿಸಿತು. 1968ರಲ್ಲಿ ಅಮೆರಿಕದ ಸಂಪರ್ಕ ಆಯೋಗ ಕಾರ್ಟರ್ ಪರವಾಗಿ ತೀರ್ಪು ಕೊಟ್ಟಿತು. ಜಾಲಕ್ಕೆ ಹಾನಿಯಾಗದಿದ್ದರೆ ಜನ ತಮ್ಮ ಸಾಧನವನ್ನು ಜೋಡಿಸಿಕೊಳ್ಳಬಹುದೆಂಬ ತತ್ತ್ವ ಹೀಗೆ ನೆಲೆಗೊಂಡಿತು. ಮೋಡೆಮ್ ಎಂಬ ಸಾಧನ ಮನೆಮನೆಗೆ ಬರಲು ಈ ತೀರ್ಪು ದಾರಿ ಮಾಡಿಕೊಟ್ಟಿತು. ಊರಾಚೆಯ ಮನುಷ್ಯನ ಅಗತ್ಯ ಊರೊಳಗಿನವರಿಗೂ ಬಾಗಿಲು ತೆರೆದ ಇನ್ನೊಂದು ನಿದರ್ಶನ ಇದು.

1983ರಲ್ಲಿ ರೇಡಿಯೊ ಶ್ಯಾಕ್ ಕಂಪನಿಯ ಮಾಡೆಲ್ 100 ಎಂಬ ಪುಟ್ಟ ಗಣಕಯಂತ್ರ ಮಾರುಕಟ್ಟೆಗೆ ಬಂತು. ಪುಸ್ತಕದ ಗಾತ್ರ, ಪರದೆಯಲ್ಲಿ ಎಂಟೇ ಸಾಲು, ಟಾರ್ಚಿಗೆ ಹಾಕುವಂಥ ನಾಲ್ಕು ಸಣ್ಣ ಶೆಲ್ಲುಗಳಿಂದ ನಡೆಯುತ್ತಿತ್ತು. ಒಳಗೇ ಒಂದು ಮೋಡೆಮ್ ಇತ್ತು. ಅದೇ ವರ್ಷ ಸ್ಟೀವನ್ ರಾಬರ್ಟ್ಸ್ ಎಂಬ ಬರಹಗಾರ ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿದ್ದ ತನ್ನ ಮನೆ ಬಿಟ್ಟು, ಒರಗಿ ಕುಳಿತು ತುಳಿಯುವ ಸೈಕಲ್ಲಿನ ಮೇಲೆ ಹೊರಟ. ಜೊತೆಗೆ ಸೌರಫಲಕ, ಗುಡಾರ ಮತ್ತು ಈ ಗಣಕಯಂತ್ರ. ದಾರಿಯಲ್ಲಿ ಸಿಕ್ಕ ಸಾರ್ವಜನಿಕ ದೂರವಾಣಿಗಳಿಂದ ಕಂಪ್ಯೂಸರ್ವ್ ಜಾಲಕ್ಕೆ ಸೇರಿ, ಬರೆದ ಲೇಖನಗಳನ್ನು ಕಳಿಸಿ ಜೀವನ ಸಾಗಿಸಿದ. ಹೀಗೆ ಮೊದಲ ಯಾತ್ರೆಯಲ್ಲಿ ಸುಮಾರು 10,000 ಮೈಲಿ ತಿರುಗಿದ.

ಆಗಿನ ವೇಗ ಎಷ್ಟು? ಸೆಕೆಂಡಿಗೆ 300 ಬಿಟ್ಟುಗಳು. ಅಂದರೆ ಸುಮಾರು 30 ಅಕ್ಷರ. 2,000 ಅಕ್ಷರಗಳ ಒಂದು ಪುಟ ಕಳಿಸಲು ಒಂದು ನಿಮಿಷಕ್ಕೂ ಮಿಕ್ಕಿದ ಸಮಯ. ಸಾರ್ವಜನಿಕ ದೂರವಾಣಿಯಲ್ಲಿ ತಂತಿ ಚುಚ್ಚಲು ಸಾಕೆಟ್ ಇರದ ಕಾರಣ, ರಿಸೀವರನ್ನು ರಬ್ಬರಿನ ಎರಡು ಬಟ್ಟಲುಗಳಿಗೆ ಒತ್ತಿ ಕೂರಿಸಬೇಕಿತ್ತು. ಪಕ್ಕದಲ್ಲಿ ಲಾರಿಯೊಂದು ಹಾರನ್ ಹೊಡೆದರೆ ಆ ಸದ್ದೂ ಒಳಗೆ ಹೋಗಿ ಅಕ್ಷರಗಳು ಕೆಡುವ ಸಂಭವವಿತ್ತು.

1990ರ ದಶಕದಲ್ಲಿ ಇ-ಮೇಲ್ ಬಳಕೆ ಹೆಚ್ಚಿದಂತೆ, ಟ್ರೇಲರ್‌ಗಳು ಬೀಡುಬಿಡುವ ತಾಣಗಳಲ್ಲಿ ಹಲವು ಕಡೆ ಕಚೇರಿಯಲ್ಲೋ ಬಟ್ಟೆ ಒಗೆಯುವ ಕೋಣೆಯಲ್ಲೋ ಒಂದು ದೂರವಾಣಿ ಸಾಕೆಟ್ ಇಡತೊಡಗಿದರು. ಸಂಜೆಯ ಹೊತ್ತು ಅದರ ಮುಂದೆ ಸಾಲು. ಒಬ್ಬೊಬ್ಬರದೂ ಕೆಲವು ನಿಮಿಷದ ಕೆಲಸ. ಗೂಟ ಈಗಲೂ ಎಲ್ಲರಿಗೂ ಕಾಣುವಂತಿತ್ತು. ಸಾಲಿನಲ್ಲಿ ನಿಂತರೆ ಯಾರಿಗೂ ಸಿಗುತ್ತಿತ್ತು.

ಲೋಹದ ಮೈ, ಮರದ ಗಾಡಿ

ವೈ-ಫೈ ಬಂದದ್ದು ಒಂದು ಸರ್ಕಾರಿ ತೀರ್ಮಾನದ ಫಲವಾಗಿ. 1985ರಲ್ಲಿ ಅಮೆರಿಕದ ಸಂಪರ್ಕ ಆಯೋಗ ಕೆಲವು ತರಂಗಪಟ್ಟಿಗಳನ್ನು ಪರವಾನಗಿಯಿಲ್ಲದ ಸಂಪರ್ಕ ಸಾಧನಗಳಿಗೆ ತೆರೆಯಿತು. ಅವುಗಳಲ್ಲಿ ಒಂದು 2.4 ಗಿಗಾಹರ್ಟ್ಸ್. ಮೈಕ್ರೋವೇವ್ ಒಲೆಗಳೂ ಬಳಸುವ ಪಟ್ಟಿ ಅದು. 1997ರಲ್ಲಿ ಇದಕ್ಕೊಂದು ಮಾನಕ ನಿಗದಿಯಾಯಿತು. 1999ರಲ್ಲಿ ಸೆಕೆಂಡಿಗೆ 110 ಲಕ್ಷ ಬಿಟ್ಟುಗಳ ವೇಗದ ರೂಪ ಬಂದು ವೈ-ಫೈ ಎಂಬ ಹೆಸರು ಪಡೆಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಬೀಡಿನ ತಾಣಗಳು ತಮ್ಮಲ್ಲಿ ವೈ-ಫೈ ಇದೆಯೆಂದು ಫಲಕ ಹಾಕಿಕೊಂಡವು.

ಆದರೆ ಪ್ರವಾಸಿಗಳು ದೂರುತ್ತಲೇ ಇದ್ದರು. ಕಾರಣಗಳು ಭೌತಶಾಸ್ತ್ರದ ಪಾಠದಲ್ಲಿವೆ. ಮೊದಲನೆಯದು ಮರಗಳು. ಎಲೆಗಳಲ್ಲಿರುವ ನೀರು ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಎರಡನೆಯದು ಟ್ರೇಲರ್‌ನ ಅಲ್ಯೂಮಿನಿಯಂ ಮೈ. ಲೋಹದ ಪೆಟ್ಟಿಗೆಯೊಳಗೆ ರೇಡಿಯೊ ಅಲೆ ಸುಲಭವಾಗಿ ನುಗ್ಗದು. ಕಿಟಕಿಯ ದಾರಿಯಷ್ಟೇ ಅದಕ್ಕೆ ಗತಿ. ಹಾಗಾಗಿ ಚಾವಣಿಯ ಮೇಲೆ ಆಂಟೆನಾ ನಿಲ್ಲಿಸಿ, ಒಳಕ್ಕೆ ತಂತಿ ತರುವ ಪದ್ಧತಿ ಬೆಳೆಯಿತು.

ಲೋಹ ಮತ್ತು ರೇಡಿಯೊ ಅಲೆಗಳ ಈ ಜಗಳಕ್ಕೆ ನಮ್ಮ ಬೆಂಗಳೂರಿನಲ್ಲೇ ಒಂದು ಪ್ರಸಿದ್ಧ ಸಾಕ್ಷಿಯಿದೆ. ಭಾರತದ ಆ್ಯಪಲ್ ಸಂಪರ್ಕ ಉಪಗ್ರಹ 1981ರ ಜೂನ್ 19ರಂದು ಕಕ್ಷೆಗೆ ಹೋಯಿತು. ಅದಕ್ಕೂ ಮೊದಲು ಅದರ ಆಂಟೆನಾವನ್ನು ಪರೀಕ್ಷಿಸುವಾಗ ಇಸ್ರೋ ವಿಜ್ಞಾನಿಗಳು ಉಪಗ್ರಹವನ್ನು ಎತ್ತಿನ ಗಾಡಿಯ ಮೇಲೆ ಕೂರಿಸಿ ಬಯಲಿಗೆ ಒಯ್ದಿದ್ದರು. ಆ ಚಿತ್ರವನ್ನು ನೋಡಿ ಬಡತನದ ಗುರುತೆಂದು ತಿಳಿದವರೂ ಉಂಟು. ವಾಸ್ತವವಾಗಿ ಅದು ವಿಜ್ಞಾನದ ಜಾಣ್ಮೆ. ಲಾರಿಯ ಲೋಹ ಅಲೆಗಳನ್ನು ಪ್ರತಿಫಲಿಸಿ ಪರೀಕ್ಷೆಯನ್ನು ಕೆಡಿಸುತ್ತಿತ್ತು. ಮರದ ಗಾಡಿಯಿಂದ ಆ ತೊಂದರೆಯಿರಲಿಲ್ಲ.

ಮೂರನೆಯ ಕಾರಣವೇ ಮುಖ್ಯವಾದದ್ದು. ವೈ-ಫೈ ಎಂಬುದು ಹಗ್ಗದ ಕೊನೆಯ ತುಂಡು ಮಾತ್ರ. ಕಂಬದ ಮೇಲಿನ ಪೆಟ್ಟಿಗೆಯಿಂದ ಆಚೆಗೆ ಒಂದು ತಂತಿ ಊರಿನ ಕಡೆಗೆ ಹೋಗುತ್ತದೆ. ಆ ತಂತಿಯ ಸಾಮರ್ಥ್ಯ ಸೆಕೆಂಡಿಗೆ 15 ಲಕ್ಷ ಬಿಟ್ಟು ಎಂದುಕೊಳ್ಳಿ. ಒಂದು ಸಂಜೆ 100 ಟ್ರೇಲರ್‌ಗಳಲ್ಲಿ ಎಲ್ಲರೂ ಒಟ್ಟಿಗೆ ಕುಳಿತರೆ ತಲೆಗೆ ಬರುವುದು 15,000 ಬಿಟ್ಟು. ಹಿಂದಿನ ದಶಕದ ದೂರವಾಣಿ ಮೋಡೆಮ್‌ಗಳೇ ಸೆಕೆಂಡಿಗೆ 56,000 ಬಿಟ್ಟುಗಳವರೆಗೆ ಹೋಗುತ್ತಿದ್ದವು! ತಂತಿಯಿಲ್ಲದ ಸಂಪರ್ಕದ ವೇಗವನ್ನು ಕೊನೆಗೂ ನಿರ್ಧರಿಸಿದ್ದು ತಂತಿಯೇ.

ಹೊರಾಂಗಣ ಪ್ರಸಾರದ ಕೆಲಸ ಮಾಡುವ ನಮ್ಮಂಥವರಿಗೆ ಇದು ದಿನನಿತ್ಯದ ಅನುಭವ. ಓ.ಬಿ. ವ್ಯಾನ್ ಜಾತ್ರೆಗೆ ಹೊರಡಲಿ, ಕ್ರೀಡಾಂಗಣಕ್ಕೆ ಹೊರಡಲಿ, ಕ್ಯಾಮೆರಾಗಳ ಲೆಕ್ಕಕ್ಕೂ ಮೊದಲು ಕೇಳುವ ಪ್ರಶ್ನೆಗಳು ಮೂರು. ವಿದ್ಯುತ್ತು ಎಲ್ಲಿಂದ? ಆಕಾಶ ತೆರೆದಿದೆಯೇ? ಇಲ್ಲಿಂದ ಹೊರಟ ಸಂಕೇತ ಇಳಿಯುವುದು ಎಲ್ಲಿ? ಮೂರನೆಯದಕ್ಕೆ ಉತ್ತರವಿಲ್ಲದಿದ್ದರೆ ಉಳಿದೆರಡು ಇದ್ದೂ ಪ್ರಯೋಜನವಿಲ್ಲ.

ಗೋಪುರದಿಂದ ಆಕಾಶಕ್ಕೆ

1983ರ ಅಕ್ಟೋಬರ್ 13ರಂದು ಷಿಕಾಗೋದಲ್ಲಿ ಅಮೆರಿಕದ ಮೊದಲ ವಾಣಿಜ್ಯ ಸೆಲ್ಯುಲರ್ ಸೇವೆ ಆರಂಭವಾಯಿತು. ಪ್ರದೇಶವನ್ನು ಜೇನುಗೂಡಿನ ಕೋಣೆಗಳಂತೆ ವಿಭಾಗಿಸಿ, ಒಂದೊಂದಕ್ಕೂ ಒಂದು ಗೋಪುರ ಕೊಟ್ಟು, ದೂರದ ಕೋಣೆಗಳಲ್ಲಿ ಅದೇ ತರಂಗಗಳನ್ನು ಮತ್ತೆ ಬಳಸುವ ಉಪಾಯ ಅದು. 1946ರಲ್ಲಿ ಕೆಲವರಷ್ಟೇ ಮಾತನಾಡಬಹುದಾಗಿದ್ದ ಕಡೆ ಈಗ ಲಕ್ಷಾಂತರ ಜನ ಮಾತನಾಡಬಹುದಾಯಿತು. ಕಾಲಕ್ರಮದಲ್ಲಿ ಇದೇ ಜಾಲ ದತ್ತಾಂಶವನ್ನೂ ಹೊತ್ತಿತು. 2009ರಲ್ಲಿ ಮೈ-ಫೈ ಎಂಬ ಅಂಗೈಯಗಲದ ಪೆಟ್ಟಿಗೆ ಬಂದ ಮೇಲೆ ಟ್ರೇಲರ್‌ನೊಳಗೇ ವೈ-ಫೈ ಹುಟ್ಟಿಸಿಕೊಳ್ಳುವುದು ಸುಲಭವಾಯಿತು. ಆದರೆ ಗೋಪುರ ನೆಡುವವರು ಜನ ಹೆಚ್ಚಿರುವಲ್ಲಿ, ಹೆದ್ದಾರಿಯ ಬದಿಯಲ್ಲಿ ನೆಡುತ್ತಾರೆ. ಬೀಡುಬಿಡುವವರು ಹುಡುಕಿಕೊಂಡು ಹೋಗುವುದು ಜನ ಕಡಿಮೆಯಿರುವ ಕಡೆಗೆ. ಇಬ್ಬರ ಲೆಕ್ಕವೂ ತಿರುವುಮುರುವು.

ಉಪಗ್ರಹದ ದಾರಿ 1996ರಲ್ಲಿ ಡೈರೆಕ್‌ಪಿಸಿ ಸೇವೆಯೊಂದಿಗೆ ಸಾಮಾನ್ಯರಿಗೆ ತೆರೆಯಿತು. ಅದರಲ್ಲಿ ಮಾಹಿತಿ ಇಳಿದು ಬರುತ್ತಿದ್ದದ್ದು ಆಕಾಶದಿಂದ. ನಮ್ಮ ಕೋರಿಕೆ ಹೋಗಬೇಕಾದದ್ದು ದೂರವಾಣಿ ತಂತಿಯಿಂದಲೇ. ಹೊಸ ಶತಮಾನದ ಆರಂಭದಲ್ಲಿ ಎರಡೂ ದಿಕ್ಕಿಗೆ ಉಪಗ್ರಹವೇ ಸಾಕಾಯಿತು. ಆಗಲೂ ಒಂದು ತಡ ಉಳಿಯಿತು. 36,000 ಕಿಲೋಮೀಟರ್ ಎತ್ತರಕ್ಕೆ ಕೋರಿಕೆ ಹತ್ತಿ ಇಳಿಯಬೇಕು, ಉತ್ತರವೂ ಹತ್ತಿ ಇಳಿಯಬೇಕು. ಒಟ್ಟು 1,44,000 ಕಿಲೋಮೀಟರ್. ಬೆಳಕಿನ ವೇಗವಾದ ಸೆಕೆಂಡಿಗೆ 3 ಲಕ್ಷ ಕಿಲೋಮೀಟರಿನಿಂದ ಭಾಗಿಸಿದರೆ ಸುಮಾರು ಅರ್ಧ ಸೆಕೆಂಡು. ಯಾವ ಎಂಜಿನಿಯರೂ ಇದನ್ನು ಕಡಿಮೆ ಮಾಡಲಾರ. ಉಪಗ್ರಹವನ್ನೇ ಕೆಳಗೆ ತರಬೇಕು.

ಸ್ಪೇಸ್‌ಎಕ್ಸ್ ಕಂಪನಿ ಮಾಡಿದ್ದು ಅದನ್ನೇ. 2019ರ ಮೇ ತಿಂಗಳಲ್ಲಿ ಸ್ಟಾರ್‌ಲಿಂಕ್ ಜಾಲದ ಮೊದಲ 60 ಉಪಗ್ರಹಗಳನ್ನು ಒಟ್ಟಿಗೆ ಹಾರಿಸಿತು. ಅವು ಸುತ್ತುವ ಎತ್ತರ ಸುಮಾರು 550 ಕಿಲೋಮೀಟರ್. ಮೇಲಿನ ಲೆಕ್ಕವನ್ನೇ ಮಾಡಿದರೆ ಹೋಗಿಬರುವ ದಾರಿ 2,200 ಕಿಲೋಮೀಟರ್. ಬೆಳಕಿಗೆ ತಗಲುವ ಸಮಯ ಸೆಕೆಂಡಿನ ಸಾವಿರದಲ್ಲಿ ಏಳು ಭಾಗದಷ್ಟು. ಆದರೆ ಇಷ್ಟು ಕೆಳಗಿನ ಉಪಗ್ರಹ ಒಂದೇ ಕಡೆ ನಿಲ್ಲದು. ಕೆಲವೇ ನಿಮಿಷಗಳಲ್ಲಿ ದಿಗಂತದಾಚೆ ಸರಿದುಹೋಗುತ್ತದೆ. ಆದ್ದರಿಂದ ಸಾವಿರಾರು ಉಪಗ್ರಹಗಳು ಬೇಕು. 2022ರ ಮೇ ತಿಂಗಳಲ್ಲಿ ಟ್ರೇಲರ್ ಪ್ರವಾಸಿಗಳಿಗೆಂದೇ ಈ ಕಂಪನಿ ಪ್ರತ್ಯೇಕ ಸೇವೆ ಆರಂಭಿಸಿತು.

ಅಂತೂ ಹಗ್ಗ ಆಕಾಶಕ್ಕೆ ಏರಿತು. ಗೂಟ ಮಾಯವಾಯಿತೇ? ಇಲ್ಲ. ಉಪಗ್ರಹ ಹಿಡಿದ ಸಂಕೇತ ಎಲ್ಲಿಯಾದರೂ ಒಂದು ಭೂಕೇಂದ್ರಕ್ಕೆ ಇಳಿದು ತಂತಿಯ ಜಾಲವನ್ನು ಸೇರಲೇಬೇಕು. ಬದಲಾದದ್ದು ಒಡೆತನ. ಅಂಚೆ ಕಚೇರಿ ಸರ್ಕಾರದ್ದಾಗಿತ್ತು. ನಾಣ್ಯದ ದೂರವಾಣಿ ಜೇಬಿನಲ್ಲಿ ಚಿಲ್ಲರೆ ಇದ್ದ ಯಾರಿಗೂ ದಕ್ಕುತ್ತಿತ್ತು. 1990ರ ದಶಕದಲ್ಲಿ ಅಮೆರಿಕದಲ್ಲಿ ಅಂಥವು 20 ಲಕ್ಷಕ್ಕೂ ಹೆಚ್ಚಿದ್ದು, 2016ರ ಹೊತ್ತಿಗೆ ಒಂದು ಲಕ್ಷದಷ್ಟಕ್ಕೆ ಇಳಿದಿದ್ದವು. ಇಂದಿನ ಗೂಟಕ್ಕೆ ತಿಂಗಳ ಬಾಡಿಗೆ ಕಟ್ಟಬೇಕು. ಕಟ್ಟದಿದ್ದರೆ ಹಗ್ಗ ಬಿಚ್ಚುತ್ತಾರೆ.

ಮೌನಕ್ಕೂ ಒಂದು ಜಾಗ ಬೇಕು

ಈ ಚರಿತ್ರೆಗೆ ಇನ್ನೊಂದು ಮುಖವಿದೆ. ಅಮೆರಿಕದ ಪಶ್ಚಿಮ ವರ್ಜೀನಿಯ ರಾಜ್ಯದ ಗ್ರೀನ್ ಬ್ಯಾಂಕ್ ಎಂಬ ಬೆಟ್ಟಗಾಡಿನ ಊರಿನಲ್ಲಿ ಬೃಹತ್ ರೇಡಿಯೊ ದೂರದರ್ಶಕವಿದೆ. ದೂರದ ನಕ್ಷತ್ರಲೋಕಗಳಿಂದ ಬರುವ ಅತಿ ಕ್ಷೀಣ ರೇಡಿಯೊ ಅಲೆಗಳನ್ನು ಅದು ಆಲಿಸುತ್ತದೆ. ಅದರ ಸುತ್ತ 1958ರಲ್ಲಿ 13,000 ಚದರ ಮೈಲಿಯ ರೇಡಿಯೊ ಮೌನವಲಯವನ್ನು ಘೋಷಿಸಿದರು. ಅಲ್ಲಿ ಪ್ರಸಾರಗಳಿಗೆ ಕಟ್ಟುಪಾಡುಗಳಿವೆ. ದೂರದರ್ಶಕದ ಹತ್ತಿರ ಹೋದಷ್ಟೂ ಅವು ಬಿಗಿ. ತೀರ ಸಮೀಪಕ್ಕೆ ಡೀಸೆಲ್ ವಾಹನಗಳನ್ನು ಮಾತ್ರ ಬಿಡುತ್ತಾರೆ. ಏಕೆ ಗೊತ್ತೇ? ಪೆಟ್ರೋಲ್ ಎಂಜಿನಿನ ಸ್ಪಾರ್ಕ್ ಪ್ಲಗ್ಗಿನ ಕಿಡಿಯೂ ರೇಡಿಯೊ ಅಲೆಯನ್ನು ಹೊರಡಿಸುತ್ತದೆ. ಡೀಸೆಲ್ ಎಂಜಿನಿನಲ್ಲಿ ಅಂಥ ಕಿಡಿಯಿಲ್ಲ.

ನೆಲದ ಮೇಲಿನ ಪ್ರಸಾರಗಳಿಗೆ ಹೀಗೆ ಬೇಲಿ ಹಾಕಬಹುದು. ತಲೆಯ ಮೇಲೆ ಹಾದುಹೋಗುವ ಸಾವಿರಾರು ಉಪಗ್ರಹಗಳಿಗೆ ಬೇಲಿ ಎಲ್ಲಿ? ಖಗೋಳ ವಿಜ್ಞಾನಿಗಳಿಗೆ ಈಗ ಇದು ನಿಜವಾದ ಚಿಂತೆ. ಕಾಡಿನಲ್ಲಿ ಕುಳಿತ ಪ್ರವಾಸಿಗೆ ಸಂಪರ್ಕ ಕೊಡುವ ಅಲೆಯೇ ಆಕಾಶವನ್ನು ಆಲಿಸುವವರ ಕಿವಿಗೆ ಗದ್ದಲವಾಗುತ್ತದೆ.

ಯಾರಿಗಾಗಿ ಈ ಹಗ್ಗ?

ಇಷ್ಟೆಲ್ಲ ರಜೆಯ ಮೋಜಿಗಾಗಿ ಎಂದು ತಿಳಿಯಬೇಡಿ. ಮನೆ ಬಾಡಿಗೆ ಕಟ್ಟಲಾಗದೆ ಟ್ರೇಲರ್‌ನಲ್ಲೇ ಬಾಳುವೆ ನಡೆಸುವ ಕುಟುಂಬಗಳು ಅಮೆರಿಕದಲ್ಲಿ ಬಹಳ ಇವೆ. ಊರಿಂದೂರಿಗೆ ಹೋಗುವ ಕೂಲಿಗಳಿದ್ದಾರೆ. 2020ರಲ್ಲಿ ಕೋವಿಡ್ ಬಂದಾಗ ಕಚೇರಿ ಕೆಲಸವನ್ನೇ ಟ್ರೇಲರ್‌ಗೆ ಒಯ್ದವರೂ ಇದ್ದರು. 2021ರಲ್ಲಿ ಅಮೆರಿಕದ ಕಾರ್ಖಾನೆಗಳಿಂದ ಇಂಥ ವಾಹನಗಳು ಸುಮಾರು 6 ಲಕ್ಷ ಹೊರಬಿದ್ದವು. ಉಳ್ಳವನಿಗೆ ಚಾವಣಿಯ ಮೇಲೆ ಉಪಗ್ರಹದ ತಟ್ಟೆ. ಇಲ್ಲದವನ ಮಗುವಿಗೆ ಪಾಠ ಕೇಳಲೂ ಸಂಪರ್ಕವಿಲ್ಲ.

ಶಾಲೆಗಳು ಮುಚ್ಚಿದ್ದ ಆ 2020ರಲ್ಲಿ ಟೆಕ್ಸಾಸಿನ ಆಸ್ಟಿನ್ ಮೊದಲಾದ ನಗರಗಳಲ್ಲಿ ಶಾಲಾ ಮಂಡಳಿಗಳು ಒಂದು ಉಪಾಯ ಮಾಡಿದವು. ಸುಮ್ಮನೆ ನಿಂತಿದ್ದ ಶಾಲಾ ಬಸ್ಸುಗಳಿಗೆ ವೈ-ಫೈ ಅಳವಡಿಸಿ ಬಡಾವಣೆಗಳಲ್ಲಿ ನಿಲ್ಲಿಸಿದವು. ಸುತ್ತಲಿನ ಮಕ್ಕಳು ಅದರಿಂದ ಪಾಠ ಕೇಳಿದರು. ಜಾಲವನ್ನು ಹುಡುಕಿಕೊಂಡು ಗಾಡಿ ಹೋಗುತ್ತಿದ್ದ ಕಾಲದಿಂದ, ಜಾಲವನ್ನೇ ಹೊತ್ತು ಗಾಡಿ ಮಕ್ಕಳ ಬಳಿಗೆ ಬಂದ ಕಾಲ ಅದು. ಅದೇ ದಿನಗಳಲ್ಲಿ ನಮ್ಮ ಮಲೆನಾಡು ಮತ್ತು ಕರಾವಳಿಯ ಹಲವು ಹಳ್ಳಿಗಳಲ್ಲಿ ವಿದ್ಯಾರ್ಥಿಗಳು ಮೊಬೈಲ್ ಸಂಕೇತ ಹಿಡಿಯಲು ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಪಾಠ ಕೇಳಿದ್ದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ನಿಮ್ಮಲ್ಲೇ ಕೆಲವರು ಹಾಗೆ ಗುಡ್ಡ ಹತ್ತಿದವರೂ ಇರಬಹುದು. ಅವರಿಗೆ ಇದು ಬೀಡುಬಿಟ್ಟವರ ವಿನೋದವಾಗಿರಲಿಲ್ಲ. ವರ್ಷದ ವಿದ್ಯೆಯ ಪ್ರಶ್ನೆಯಾಗಿತ್ತು.

1976ರಲ್ಲಿ ಹೋಟೆಲಿನ ಅಂಗಳದಲ್ಲಿ ನಿಂತ ವ್ಯಾನಿನ ಪ್ರಯೋಗಕ್ಕೆ ಹಣ ಕೊಟ್ಟದ್ದು ಸಾರ್ವಜನಿಕರ ಖಜಾನೆ. ವೈ-ಫೈಗೆ ತರಂಗಪಟ್ಟಿಯನ್ನು ಬಿಟ್ಟುಕೊಟ್ಟದ್ದು, ಜನರ ಸಾಧನ ಜಾಲಕ್ಕೆ ಸೇರಬಹುದೆಂದು ತೀರ್ಪು ಕೊಟ್ಟದ್ದು ಸಾರ್ವಜನಿಕ ಸಂಸ್ಥೆಗಳು. ಖಾಸಗಿ ಕಂಪನಿಗಳ ಸಾಹಸ ಇವುಗಳ ಮೇಲೆ ಬೆಳೆಯಿತು. ಅದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಆದರೆ ಮುಂದಿನ ಗೂಟಗಳನ್ನು ಎಲ್ಲಿ ನೆಡಬೇಕು, ಎಲ್ಲಿ ನೆಡಬಾರದು ಎಂಬ ತೀರ್ಮಾನ ಕಂಪನಿಗಳಿಗೆ ಮಾತ್ರ ಬಿಟ್ಟದ್ದಲ್ಲ; ಅದರಲ್ಲಿ ನಮ್ಮ ಮಾತಿಗೂ ಜಾಗವಿರಬೇಕು.

ವಿದ್ಯಾರ್ಥಿಗಳೇ, ಕೊನೆಯದಾಗಿ ಒಂದು ಸಣ್ಣ ಕೆಲಸ. ಮುಂದಿನ ಸಲ ಬಸ್ಸಿನಲ್ಲೋ ರೈಲಿನಲ್ಲೋ ದೂರದ ಪ್ರಯಾಣ ಮಾಡುವಾಗ ಒಂದು ಹಾಳೆ ಹಿಡಿದು ಕುಳಿತುಕೊಳ್ಳಿ. ಮೊಬೈಲಿನ ಸಂಪರ್ಕ ಎಲ್ಲಿ ತಪ್ಪಿತು, ಎಲ್ಲಿ ಮತ್ತೆ ಬಂತು ಎಂದು ಊರಿನ ಹೆಸರಿನೊಡನೆ ಬರೆದುಕೊಳ್ಳಿ. ಅಲ್ಲಿ ಘಟ್ಟವಿತ್ತೇ, ಸುರಂಗವಿತ್ತೇ, ಬರೀ ಕಾಡಿತ್ತೇ, ಇಲ್ಲವೆ ಜನವಿದ್ದೂ ಗೋಪುರ ಮಾತ್ರ ಇರಲಿಲ್ಲವೇ ಎಂದು ಗಮನಿಸಿ. ಬಂದ ಮೇಲೆ ಆ ಹಾಳೆಯನ್ನು ನಿಮ್ಮ ಜಿಲ್ಲೆಯ ನಕಾಶೆಯ ಪಕ್ಕದಲ್ಲಿಟ್ಟು ನೋಡಿ. ಭೌತಶಾಸ್ತ್ರದ ಕಾರಣದಿಂದ ತಪ್ಪಿದ ಜಾಗಗಳೆಷ್ಟು, ಯಾರೂ ಗಮನಿಸದ ಕಾರಣ ತಪ್ಪಿದ ಜಾಗಗಳೆಷ್ಟು ಎಂಬುದು ನಿಮಗೇ ತಿಳಿದುಬರುತ್ತದೆ.